ಮಗುವಿಗೆ ಯಾವ ಟ್ಯೂಷನ್? ಮುಂಬೈಯ ಕನ್ನಡದ ಮನೆಗಳಿಗೆ ಒಂದು ಹೋಲಿಕೆ

ಮೇ ತಿಂಗಳ ಕೊನೆಗೆ ಊರಿಂದ ವಾಪಸ್ ಬಂದು ಬ್ಯಾಗು ಬಿಚ್ಚುವಷ್ಟರಲ್ಲಿ ಮುಂಬೈಯ ನಮ್ಮ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಈ ವರ್ಷ ಮಗುವನ್ನು ಟ್ಯೂಷನ್‌ಗೆ ಎಲ್ಲಿಗೆ ಕಳಿಸೋದು? ಬಿಲ್ಡಿಂಗಿನಲ್ಲೇ ಇರುವ ಮೇಡಂ ಹತ್ತಿರವಾ, ಸ್ಟೇಷನ್ ರೋಡಿನ ದೊಡ್ಡ ಕ್ಲಾಸಿಗಾ, ಮನೆಗೇ ಒಬ್ಬರು ಸರ್ ಬರಲಿ ಅನ್ನೋದಾ, ಮೊಬೈಲಿಗೆ ಆ್ಯಪ್ ಹಾಕಿಸಿಕೊಡೋದಾ? ಅಥವಾ ಯಾವುದೂ ಬೇಡ, ನಾವೇ ಕೂತು ಹೇಳಿಕೊಡೋದಾ?

ನಾನು ಗಣಿತ ಕಲಿಸಿದವಳು. ಹಾಗಾಗಿ ಸಂಘದ ಕಾರ್ಯಕ್ರಮದಲ್ಲೋ ಮದುವೆ ಊಟದ ಪಂಕ್ತಿಯಲ್ಲೋ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಎಲ್ಲರಿಗೂ ಬೇಕಾದ್ದು ಒಂದು ಹೆಸರು. "ಅಕ್ಕಾ, ಯಾವ ಕ್ಲಾಸ್ ಒಳ್ಳೇದು, ಅಷ್ಟು ಹೇಳಿಬಿಡಿ." ಹೆಸರು ಹೇಳಬಹುದು. ಆದರೆ ಒಂದು ಮಗುವಿಗೆ ಸರಿಹೋದದ್ದು ಪಕ್ಕದ ಮನೆಯ ಮಗುವಿಗೆ ಸರಿಹೋಗಬೇಕು ಅಂತೇನಿಲ್ಲ. ಅದಕ್ಕೆ ಇಲ್ಲಿ ಹೆಸರುಗಳನ್ನು ಬಿಟ್ಟು, ನಾನು ಯಾವುದನ್ನು ಹೇಗೆ ಅಳೆಯುತ್ತೇನೆ ಅನ್ನುವುದನ್ನು ಬರೆಯುತ್ತೇನೆ. ನಿಮ್ಮ ಮಗು, ನಿಮ್ಮ ದುಡ್ಡು ಎರಡನ್ನೂ ಅದರ ಮೇಲಿಟ್ಟು ನೀವೇ ತೂಗಿ ನೋಡಿ.

ಅದಕ್ಕೂ ಮೊದಲು ಒಂದು ಮಾತು. "ಎಲ್ಲರೂ ಕಳಿಸ್ತಾರೆ" ಅಂತ ಗಾಬರಿಯಾಗಬೇಡಿ. ಕೇಂದ್ರ ಸರ್ಕಾರದ 2025ರ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ನಗರಗಳಲ್ಲಿ ಟ್ಯೂಷನ್ ಅಥವಾ ಕೋಚಿಂಗ್‌ಗೆ ಹೋದ ಮಕ್ಕಳು ಶೇ. 30.7. ನಿಮ್ಮ ಬಿಲ್ಡಿಂಗಿನಲ್ಲಿ ಜಾಸ್ತಿ ಇರಬಹುದು. ಆದರೂ ಟ್ಯೂಷನ್ ಇಲ್ಲದೆ ಓದುವ ಮಕ್ಕಳೇ ದೇಶದಲ್ಲಿ ಹೆಚ್ಚು.

ಅಳೆಯುವುದು ಹೇಗೆ

ನನ್ನ ಮೊದಲ ಅಳತೆ ಫಲಿತಾಂಶವಲ್ಲ, ನೋಟ್‌ಬುಕ್. ಅಲ್ಲಿ ಈಗಾಗಲೇ ಓದುತ್ತಿರುವ ಒಂದು ಮಗುವಿನ ನೋಟ್‌ಬುಕ್ ಕೇಳಿ ನೋಡಿ. ಅದರಲ್ಲಿ ತಪ್ಪಾದ ಲೆಕ್ಕ ಹುಡುಕಿ. ಆ ತಪ್ಪಿಗೆ ಕಲಿಸುವವರು ಏನು ಮಾಡಿದ್ದಾರೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಐದನೇ ಕ್ಲಾಸಿನ ಮಗು 1/2 + 1/3 = 2/5 ಅಂತ ಬರೆದಿದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. ಈ ತಪ್ಪು ಮಾಡದ ಮಕ್ಕಳು ಕಡಿಮೆ. ಒಂದು ಕಡೆ ಕೆಂಪು ಪೆನ್ನಿನಲ್ಲಿ ದೊಡ್ಡ ಕಾಟು, ಪಕ್ಕದಲ್ಲಿ 5/6 ಅಂತ ಸರಿ ಉತ್ತರ, ಕೆಳಗೆ "ಐದು ಸಲ ಬರೆ". ಇನ್ನೊಂದು ಕಡೆ ಕಾಟೇ ಇಲ್ಲ. ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಮಾತ್ರ ಇದೆ: "2/5 ಅಂದರೆ ಅರ್ಧಕ್ಕಿಂತ ಜಾಸ್ತಿಯಾ, ಕಡಿಮೆಯಾ?" ಮಗು ಯೋಚಿಸುತ್ತದೆ. ಐದರಲ್ಲಿ ಎರಡು, ಅರ್ಧಕ್ಕಿಂತ ಕಡಿಮೆ. ಅಲ್ಲ, ಅರ್ಧ ಭಕ್ರಿಗೆ ಇನ್ನೂ ಒಂದು ತುಂಡು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗೋದು ಹೇಗೆ? ಆಗ ಅದೇ ರಬ್ಬರ್ ಹುಡುಕುತ್ತದೆ. ಮೊದಲನೇ ಕಡೆ ಉತ್ತರ ಸಿಕ್ಕಿತು, ತಪ್ಪು ಒಳಗೇ ಉಳಿಯಿತು. ಎರಡನೇ ಕಡೆ ಮಗು ತಪ್ಪನ್ನು ತಾನೇ ಹಿಡಿಯಿತು.

ಇದು ಬರೀ ನನ್ನ ಅಭಿಪ್ರಾಯವಲ್ಲ. ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಬರೀ ಅಂಕ ಕೊಟ್ಟರು, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡೂ. ಮುಂದಿನ ಸಲ ಸುಧಾರಿಸಿದವರು ಬರೀ ಟಿಪ್ಪಣಿ ಸಿಕ್ಕವರು. ಎರಡೂ ಸಿಕ್ಕವರಿಗೆ ಲಾಭ ಆಗಲಿಲ್ಲ. ಅಂಕ ಕಣ್ಣಿಗೆ ಬಿದ್ದರೆ ಮಗು ಟಿಪ್ಪಣಿ ಓದುವುದಿಲ್ಲ. ದೊಡ್ಡವರೂ ಅಷ್ಟೇ, ಅಲ್ವಾ?

ಎರಡನೇ ಅಳತೆ: ಕಲಿಸುವವರು ಎಲ್ಲಿಂದ ಶುರು ಮಾಡುತ್ತಾರೆ. ಏಳನೇ ಕ್ಲಾಸಿನ ಮಗುವಿಗೆ ಭಾಗಾಕಾರವೇ ಬರದಿದ್ದರೆ ಏಳನೇ ಕ್ಲಾಸಿನ ಪಾಠವನ್ನು ಇನ್ನೊಮ್ಮೆ ಹೇಳಿ ಏನು ಉಪಯೋಗ? ಇದಕ್ಕೆ ಮುಂಬೈಯಲ್ಲೇ ಒಳ್ಳೆಯ ಸಾಕ್ಷಿ ಇದೆ. 1995ರ ಸುಮಾರಿಗೆ ಇಲ್ಲಿಯ ಕೊಳೆಗೇರಿಗಳಲ್ಲಿ ಕೆಲಸ ಶುರು ಮಾಡಿದ 'ಪ್ರಥಮ್' ಸಂಸ್ಥೆ 'ಬಾಲಸಖಿ' ಎಂಬ ಕಾರ್ಯಕ್ರಮ ನಡೆಸಿತು. ಅದೇ ವಸ್ತಿಯ ಯುವತಿಯರಿಗೆ ಎರಡು ವಾರದ ತರಬೇತಿ ಕೊಟ್ಟು, ಮೂರು–ನಾಲ್ಕನೇ ಕ್ಲಾಸಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಅವರ ಕೈಗೆ ಒಪ್ಪಿಸಿದರು. ಓದಲು, ಎಣಿಸಲು ಎಲ್ಲಿ ತೊಡಕಿದೆಯೋ ಅಲ್ಲಿಂದಲೇ ಪಾಠ. ಆ ಯುವತಿಯರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 500ರಿಂದ 750 ರೂಪಾಯಿ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಯವರು ಮುಂಬೈ, ವಡೋದರಾ ಎರಡೂ ಕಡೆ ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಮಕ್ಕಳ ಅಂಕ ಚೆನ್ನಾಗಿಯೇ ಏರಿತ್ತು. ಅವರಿಬ್ಬರೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಕಲಿಸುವವರ ಡಿಗ್ರಿ ನೋಡಿ ಮರುಳಾಗುವ ಮೊದಲು ಈ ಬಾಲಸಖಿಯರನ್ನು ಒಮ್ಮೆ ನೆನೆಸಿಕೊಳ್ಳಿ.

ಮೂರನೆಯದು ದುಡ್ಡಿನ ಲೆಕ್ಕ. ಇಲ್ಲಿ ಜನ ಫೀಸು ನೋಡುತ್ತಾರೆ, ಗಂಟೆ ನೋಡುವುದಿಲ್ಲ. ನಾನು ಒಂದು ಹೆಜ್ಜೆ ಮುಂದೆ ಹೋಗಿ ನಿಮಿಷ ನೋಡಿ ಅನ್ನುತ್ತೇನೆ: ವಾರಕ್ಕೆ ನಿಮ್ಮ ಮಗುವಿನ ಪಾಲಿಗೆ ಎಷ್ಟು ನಿಮಿಷ ಬರುತ್ತದೆ?

ಲೆಕ್ಕಕ್ಕೆ ಅಂತ ಕೆಲವು ಅಂಕಿ ಇಟ್ಟುಕೊಳ್ಳೋಣ. ನಿಮ್ಮ ಏರಿಯಾದ ರೇಟು ಬೇರೆ ಇದ್ದರೆ ಅದನ್ನು ಹಾಕಿಕೊಳ್ಳಿ. ದೊಡ್ಡ ಕ್ಲಾಸಿಗೆ ವರ್ಷಕ್ಕೆ 60,000 ರೂಪಾಯಿ. ಮೇಲೆ ಶೇ. 18 ಜಿಎಸ್‌ಟಿ, ಅಂದರೆ 70,800. ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂವರೆ ಗಂಟೆ, 40 ವಾರ. ಒಟ್ಟು 180 ಗಂಟೆ. ಗಂಟೆಗೆ ಸುಮಾರು 393 ರೂಪಾಯಿ. ಬ್ಯಾಚಿನಲ್ಲಿ 40 ಮಕ್ಕಳಿದ್ದರೆ ವಾರಕ್ಕೆ ನಿಮ್ಮ ಮಗುವಿನ ಪಾಲು ಏಳು ನಿಮಿಷವೂ ಇಲ್ಲ.

ಬಿಲ್ಡಿಂಗಿನ ಮೇಡಂಗೆ ತಿಂಗಳಿಗೆ 1,500, ಹತ್ತು ತಿಂಗಳಿಗೆ 15,000. ವಾರಕ್ಕೆ ಐದು ದಿನ, ಒಂದೊಂದು ಗಂಟೆ. ಎಂಟು ಮಕ್ಕಳಿದ್ದರೆ ವಾರಕ್ಕೆ 37 ನಿಮಿಷ ಸಿಕ್ಕಿತು. ಚಿಕ್ಕ ಟ್ಯೂಷನ್‌ನವರ ವಾರ್ಷಿಕ ವಹಿವಾಟು 20 ಲಕ್ಷ ದಾಟದೆ ಇರುವುದರಿಂದ ಜಿಎಸ್‌ಟಿ ತಲೆನೋವೂ ಇಲ್ಲ.

ಮನೆಗೆ ಬರುವವರಿಗೆ ಗಂಟೆಗೆ 500, ವಾರಕ್ಕೆ ಎರಡು ಗಂಟೆ. ವರ್ಷಕ್ಕೆ 40,000. ಮಗುವಿನ ಪಾಲು ಪೂರ್ತಿ 120 ನಿಮಿಷ. ಗಂಟೆಯ ರೇಟು ನೋಡಿ "ಅಬ್ಬಾ, ದುಬಾರಿ" ಅಂದವರು ವರ್ಷದ ಲೆಕ್ಕ ನೋಡಿದಾಗ ಸುಮ್ಮನಾಗುತ್ತಾರೆ.

ನಾಲ್ಕನೆಯದು ಪ್ರಯಾಣ. ಇದು ಮುಂಬೈ. ಭಾಂಡುಪಿನ ಮನೆಯಿಂದ ಠಾಣೆಯ ಕ್ಲಾಸಿಗೆ ಸಂಜೆ ಆರರ ಲೋಕಲ್ ಹಿಡಿದು ಹೋಗಿ ಬರುವ ಮಗುವಿಗೆ ವಾಪಸ್ ಬಂದ ಮೇಲೆ ಓದುವ ತ್ರಾಣ ಎಲ್ಲಿ ಉಳಿದಿರುತ್ತದೆ? ಮಳೆಗಾಲದಲ್ಲಂತೂ ಕೇಳಲೇಬೇಡಿ. ಹೋಗಿ ಬರುವ ಸಮಯ ಪಾಠದ ಸಮಯಕ್ಕಿಂತ ಜಾಸ್ತಿ ಆದರೆ ನಾನು ಅಲ್ಲಿಗೇ ಬೇಡ ಅನ್ನುತ್ತೇನೆ.

ಇನ್ನು ಬೋರ್ಡು. ಹತ್ತನೇ ಕ್ಲಾಸಿನ ಐಸಿಎಸ್‌ಇಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರಕ್ಕೂ ಬೇರೆ ಬೇರೆ ಪೇಪರ್. ಸಿಬಿಎಸ್‌ಇ ಹತ್ತರಲ್ಲಿ ಗಣಿತಕ್ಕೆ ಬೇಸಿಕ್, ಸ್ಟ್ಯಾಂಡರ್ಡ್ ಎಂದು ಎರಡು ಆಯ್ಕೆ ಇವೆ. ರಾಜ್ಯ ಬೋರ್ಡಿನ ಎಸ್‌ಎಸ್‌ಸಿಯಲ್ಲಿ ಆರು ವಿಷಯಗಳಲ್ಲಿ ಮೂರು ಭಾಷೆಗಳೇ, ಶೇಕಡಾ ಲೆಕ್ಕ ಮಾಡುವುದು ಹೆಚ್ಚು ಅಂಕ ಬಂದ ಐದು ವಿಷಯಗಳ ಮೇಲೆ. "ಎಲ್ಲಾ ಬೋರ್ಡಿಗೂ ಕಲಿಸ್ತೇವೆ" ಅನ್ನುವವರನ್ನು ನಿಮ್ಮ ಬೋರ್ಡಿನ ಒಂದು ಪ್ರಶ್ನೆಪತ್ರಿಕೆ ಮುಂದಿಟ್ಟು ಮಾತಾಡಿಸಿ. ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಬಿಲ್ಡಿಂಗಿನ ಮೇಡಂ

ನನ್ನ ಒಲವು ಎಲ್ಲಿದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಒಂದರಿಂದ ಏಳನೇ ಕ್ಲಾಸಿನವರೆಗೆ ಕಲಿಸುವವರು ಚೆನ್ನಾಗಿದ್ದರೆ ಇದಕ್ಕೆ ಸಾಟಿಯಿಲ್ಲ. ಮಗು ಚಪ್ಪಲಿ ಮೆಟ್ಟಿ ಎರಡು ಮಹಡಿ ಇಳಿದರೆ ಮುಗಿಯಿತು. ಜ್ವರ ಬಂದರೆ ನಾಳೆ ಹೋಗಬಹುದು. ಫೀಸು ತಿಂಗಳ ಲೆಕ್ಕ, ಬೇಡ ಅನ್ನಿಸಿದರೆ ತಿಂಗಳ ಕೊನೆಗೆ ಬಿಡಬಹುದು. ಮೇಡಂಗೆ ನಿಮ್ಮ ಮಗುವಿನ ಜಾತಕವೇ ಗೊತ್ತಿರುತ್ತದೆ. ಯಾವಾಗ ಆಕಳಿಸುತ್ತಾನೆ, ಯಾವಾಗ ಸುಳ್ಳು ಹೇಳುತ್ತಾನೆ, ಎಲ್ಲ.

ತೊಂದರೆಗಳೂ ಇವೆ. ಅನೇಕ ಕಡೆ ಇದು ಹೋಮ್‌ವರ್ಕ್ ಮುಗಿಸುವ ಜಾಗ ಆಗಿಬಿಟ್ಟಿದೆ. ಎರಡನೇ ಕ್ಲಾಸಿನಿಂದ ಒಂಬತ್ತರವರೆಗೆ ಎಲ್ಲರೂ ಒಂದೇ ಹಾಲಿನಲ್ಲಿ, ಟಿವಿ ಮುಂದೆ ಅಜ್ಜಿ, ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ. ಮೇಡಂ ಒಬ್ಬೊಬ್ಬರ ಡೈರಿ ನೋಡಿ "ಇದು ಬರಿ, ಅದು ಬರಿ" ಅನ್ನುತ್ತಾರೆ. ಮಗುವಿನ ಹೋಮ್‌ವರ್ಕ್ ಅಚ್ಚುಕಟ್ಟಾಗಿರುತ್ತದೆ, ಪರೀಕ್ಷೆಯಲ್ಲಿ ಅಂಕ ಮಾತ್ರ ಹಾಗೇ ಇರುತ್ತದೆ. ಹೀಗಾಗುತ್ತಿದೆ ಅಂತ ಕಂಡರೆ ಮೇಡಂ ಹತ್ತಿರ ಮಾತಾಡಿ: "ಹೋಮ್‌ವರ್ಕ್ ಮನೇಲೇ ಮಾಡಿಸ್ತೀವಿ, ನೀವು ಭಿನ್ನರಾಶಿ ಒಂದು ಸರಿಮಾಡಿಕೊಡಿ." ಒಳ್ಳೆಯವರು ಇದನ್ನು ಖುಷಿಯಿಂದ ಒಪ್ಪುತ್ತಾರೆ.

ಎಂಟರಿಂದ ಮೇಲೆ ಸ್ವಲ್ಪ ಯೋಚಿಸಬೇಕು. ಬೀಜಗಣಿತ, ಜ್ಯಾಮಿತಿ, ವಿಜ್ಞಾನ ಮೂರನ್ನೂ ಒಬ್ಬರೇ ಅಷ್ಟೇ ಚೆನ್ನಾಗಿ ಕಲಿಸುವುದು ಅಪರೂಪ. ಆಗ ಗಣಿತಕ್ಕೆ ಒಬ್ಬರು, ಉಳಿದದ್ದಕ್ಕೆ ಮನೆ, ಹೀಗೆ ಹಂಚಿಕೊಳ್ಳಬಹುದು.

ಇನ್ನೊಂದು ಸೂಕ್ಷ್ಮ. ಶಾಲೆಯ ಟೀಚರೇ "ನನ್ನ ಮನೆಗೆ ಕಳಿಸಿ" ಅಂತ ಸೂಚಿಸುವುದುಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಕಳಿಸದಿದ್ದರೆ ಮಗುವಿಗೆ ಏನಾದರೂ ಆದೀತೆಂಬ ಹೆದರಿಕೆಯಿಂದ ಒಪ್ಪಿಕೊಳ್ಳಬೇಡಿ.

ಸ್ಟೇಷನ್ ರೋಡಿನ ದೊಡ್ಡ ಕ್ಲಾಸ್

ಎಸಿ ರೂಮು, ಛಾಪಿಸಿದ ನೋಟ್ಸು, ವಿಷಯಕ್ಕೊಬ್ಬ ಸರ್, ಭಾನುವಾರ ಟೆಸ್ಟ್, ಸಂಜೆಗೆ ಅಪ್ಪನ ಮೊಬೈಲಿಗೆ ಅಂಕ. ಇದರಲ್ಲಿ ನಿಜವಾಗಿ ಬೆಲೆಯುಳ್ಳದ್ದು ಆ ಟೆಸ್ಟ್. ರೋಡಿಗರ್, ಕಾರ್ಪಿಕ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದ್ದು ಇದನ್ನೇ. ಓದಿದ್ದನ್ನೇ ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಚೆನ್ನಾಗಿ ಹೇಳಿದರು. ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆದವರು ಒಂದು ವಾರದ ನಂತರ ಅವರನ್ನು ಹಿಂದೆ ಹಾಕಿದರು. ಪರೀಕ್ಷೆ ಬರುವುದು ಐದು ನಿಮಿಷ ಬಿಟ್ಟಲ್ಲ. ಹಾಗಾಗಿ ನಿಯಮಿತವಾಗಿ ಟೆಸ್ಟ್ ಕೊಡುವ ಕ್ಲಾಸ್ ಹತ್ತನೇ ಕ್ಲಾಸಿನ ಮಗುವಿಗೆ ಕೆಲಸಕ್ಕೆ ಬರುತ್ತದೆ. ಆದರೆ ತಿದ್ದಿದ ಉತ್ತರ ಪತ್ರಿಕೆ ವಾಪಸ್ ಕೊಡುತ್ತಾರಾ ಅಂತ ಕೇಳಿ. ಬರೀ ಅಂಕ ಕಳಿಸುವ ಕ್ಲಾಸಿನಲ್ಲಿ ಅರ್ಧ ಲಾಭ ಅಲ್ಲೇ ಸೋರಿಹೋಯಿತು.

ಇದು ಯಾರಿಗೆ? ಪಾಠ ಒಂದು ಮಟ್ಟಿಗೆ ಅರ್ಥವಾಗಿರುವ, ಆದರೆ ಮನೆಯಲ್ಲಿ ಶಿಸ್ತಾಗಿ ಕೂರದ ಮಗುವಿಗೆ. ನಾಲ್ಕು ಜನರ ಜೊತೆ ಸ್ಪರ್ಧೆ ಇದ್ದರೆ ಚುರುಕಾಗುವ ಮಗುವಿಗೆ. ಹಿಂದೆ ಬಿದ್ದ ಮಗುವಿಗೆ ಅಲ್ಲವೇ ಅಲ್ಲ. 40 ಜನರ ಬ್ಯಾಚು ಪೋರ್ಷನ್ ಮುಗಿಸಲು ಓಡುತ್ತಿರುತ್ತದೆ. ಅದು ಯಾರಿಗೂ ಕಾಯುವುದಿಲ್ಲ. ಕೊನೇ ಬೆಂಚಿನ ಮಗು ನೋಟ್ಸ್ ಬರೆದುಕೊಳ್ಳುತ್ತದೆ, ತಲೆ ಆಡಿಸುತ್ತದೆ, ಮನೆಗೆ ಬರುತ್ತದೆ. ಮನೆಯವರಿಗೆ ಫೀಸ್ ಕಟ್ಟಿದ ಸಮಾಧಾನ.

ಬ್ಯಾನರ್ ಓದುವುದನ್ನೂ ಕಲಿಯಬೇಕು. ಗಾಡಿಯಷ್ಟು ದೊಡ್ಡ ಬ್ಯಾನರಿನಲ್ಲಿ ಟಾಪರ್‌ಗಳ ಫೋಟೋ ಇರುತ್ತದೆ. ಆ ಮಗು ಅಲ್ಲಿ ವರ್ಷಪೂರ್ತಿ ಓದಿತ್ತಾ, ಕೊನೆಗೆ ಬರೀ ಟೆಸ್ಟ್ ಸೀರೀಸ್ ಬರೆದಿತ್ತಾ? ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ತಂದ ನಿಯಮಗಳ ಪ್ರಕಾರ ಟಾಪರ್ ಯಾವ ಕೋರ್ಸ್ ಮಾಡಿದ್ದು ಅಂತ ಜಾಹೀರಾತಿನಲ್ಲಿ ತಿಳಿಸಬೇಕು, ಆಯ್ಕೆಯಾದ ಮೇಲೆ ಅವರ ಲಿಖಿತ ಒಪ್ಪಿಗೆಯನ್ನೂ ಪಡೆದಿರಬೇಕು. ಹೋಗಿ ಕೇಳಿ. ಜೊತೆಗೆ ಇದನ್ನೂ ಕೇಳಿ: "ಶೇ. 60ರ ಆಸುಪಾಸಿನಲ್ಲಿ ಬಂದ ಮಕ್ಕಳು ಎಷ್ಟಕ್ಕೆ ಮುಟ್ಟಿದರು?" 95 ಬರುವ ಮಗು ಎಲ್ಲಿ ಕೂತರೂ 90 ದಾಟುತ್ತದೆ. ಕ್ಲಾಸಿನ ಕಸುಬು ಕಾಣುವುದು ನಡುವಿನ ಮಕ್ಕಳಲ್ಲಿ.

ಎಂಟನೇ ಕ್ಲಾಸಿನಿಂದಲೇ ಜೆಇಇ, ನೀಟ್ 'ಫೌಂಡೇಶನ್' ಅಂತ ಹತ್ತಿರಹತ್ತಿರ ಲಕ್ಷ ಕೇಳುವವರಿದ್ದಾರೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ರಾಜ್ಯಗಳಿಗೆ ಕಳಿಸಿದ ಮಾರ್ಗಸೂಚಿ ಬೇರೆಯೇ ಹೇಳುತ್ತದೆ. 50ಕ್ಕಿಂತ ಹೆಚ್ಚು ಮಕ್ಕಳಿರುವ ಕೋಚಿಂಗ್ ಕೇಂದ್ರಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ಹತ್ತನೇ ಪರೀಕ್ಷೆ ಮುಗಿದ ಮೇಲೆ ಮಾತ್ರ ಸೇರಿಸಬೇಕು, ದಿನಕ್ಕೆ ಐದು ಗಂಟೆ ಮೀರಬಾರದು, ವಾರಕ್ಕೊಂದು ರಜೆ ಕೊಡಬೇಕು. ಫೀಸು ಪೂರ್ತಿ ಕಟ್ಟಿ ನಡುವೆ ಬಿಟ್ಟರೆ ಉಳಿದ ಅವಧಿಯ ದುಡ್ಡನ್ನು ಹತ್ತು ದಿನದೊಳಗೆ ವಾಪಸ್ ಕೊಡಬೇಕು. ಜಾರಿ ಮಾಡುವುದು ರಾಜ್ಯಗಳ ಕೈಯಲ್ಲಿದೆ. ಅದೇನೇ ಇರಲಿ, ಕೌಂಟರಿನಲ್ಲಿ ಮಾತಾಡುವಾಗ ಈ ಕಾಗದ ನಿಮಗೆ ಗೊತ್ತಿದೆ ಅಂತ ಗೊತ್ತಾದರೆ ಧಾಟಿ ಬದಲಾಗುತ್ತದೆ.

ಮನೆಗೆ ಬರುವ ಸರ್

ಒಬ್ಬರಿಗೊಬ್ಬರು ಕೂತು ಕಲಿಯುವುದಕ್ಕಿಂತ ಒಳ್ಳೆಯದಿಲ್ಲ ಅಂತ ನಂಬಿಕೆ. ಅಮೆರಿಕದ ಬೆಂಜಮಿನ್ ಬ್ಲೂಮ್ 1984ರಲ್ಲಿ ಬಹಳ ದೊಡ್ಡ ಲಾಭ ವರದಿ ಮಾಡಿ ಈ ನಂಬಿಕೆಗೆ ಬಲ ಕೊಟ್ಟರು. ನಂತರದ ಅಧ್ಯಯನಗಳಲ್ಲಿ ಲಾಭ ಕಂಡಿದೆ, ಅಷ್ಟು ದೊಡ್ಡದಾಗಿ ಅಲ್ಲ. ನನಗೆ ಇದು ಔಷಧಿ ಇದ್ದ ಹಾಗೆ. ಒಂದು ನಿರ್ದಿಷ್ಟ ತೊಂದರೆಗೆ, ಒಂದು ಅವಧಿಗೆ ತೆಗೆದುಕೊಳ್ಳಬೇಕು. ಏಳನೇ ಕ್ಲಾಸಿನ ಮಗುವಿಗೆ ಭಾಗಾಕಾರ ಬರುವುದಿಲ್ಲ, ಮೂರು ತಿಂಗಳು ಬಂದು ಸರಿಮಾಡಿ. ಒಂಬತ್ತರ ಮಗುವಿಗೆ ಪ್ರಮೇಯದ ಹೆದರಿಕೆ, ದೀಪಾವಳಿವರೆಗೆ ಬನ್ನಿ.

ವರ್ಷಗಟ್ಟಲೆ ಮುಂದುವರಿದರೆ ಇನ್ನೊಂದು ರಗಳೆ. ಮಗುವಿಗೆ ಪಕ್ಕದಲ್ಲಿ ಒಬ್ಬರು ಕೂರದೆ ಲೆಕ್ಕವೇ ಓಡುವುದಿಲ್ಲ. ಸರ್ ಮುಂದಿನ ಹೆಜ್ಜೆ ಹೇಳಲಿ ಅಂತ ಪೆನ್ಸಿಲ್ ಕಚ್ಚಿಕೊಂಡು ಕಾಯುತ್ತದೆ. ಒಮ್ಮೆ ಅಡುಗೆಮನೆಯಿಂದಲೇ ಕಿವಿಗೊಟ್ಟು ಕೇಳಿ. ಬರೀ ಸರ್ ದನಿ ಕೇಳಿಸುತ್ತಿದ್ದರೆ ಕಲಿಯುತ್ತಿರುವುದು ಸರ್ ಒಬ್ಬರೇ! ಮಗು ಮಾತಾಡಬೇಕು, ನಡುನಡುವೆ ಮೌನವೂ ಇರಬೇಕು.

ಇಬ್ಬರು ಮೂವರು ಗೆಳೆಯರ ಮನೆಯವರು ಸೇರಿ ಒಬ್ಬರನ್ನು ಗೊತ್ತು ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಒಂದೇ ಕ್ಲಾಸ್, ಒಂದೇ ಬೋರ್ಡ್ ಆಗಿರಬೇಕು, ಅಷ್ಟೇ. ನಡುವಿನ ಬಜೆಟ್‌ಗೆ ಇದು ಒಳ್ಳೆಯ ದಾರಿ. ಯಾಕೋ ನಮ್ಮವರು ಇದನ್ನು ಕಡಿಮೆ ಬಳಸುತ್ತಾರೆ.

ಆ್ಯಪ್, ವಿಡಿಯೋ, ಆನ್‌ಲೈನ್

ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಒಂದು, ಮೊದಲೇ ರೆಕಾರ್ಡ್ ಮಾಡಿದ ವಿಡಿಯೋ. ಎರಡು, ನೇರ ಆನ್‌ಲೈನ್ ಕ್ಲಾಸ್. ಮೂರು, ಮಗುವಿನ ಉತ್ತರ ನೋಡಿ ಮುಂದಿನ ಲೆಕ್ಕವನ್ನು ಸುಲಭವೋ ಕಷ್ಟವೋ ಮಾಡುವ ಅಭ್ಯಾಸದ ಆ್ಯಪ್. ನೇರ ಕ್ಲಾಸಿಗೆ ಮೇಲಿನ ಅಳತೆಗಳೇ ಸಾಕು. ಎಷ್ಟು ಮಕ್ಕಳು, ಎಷ್ಟು ನಿಮಿಷ ಅಂತ ನೋಡಿ.

ವಿಡಿಯೋ ನೋಡುವಾಗ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದೆ. ನಿಲ್ಲಿಸಿ ಹಾಳೆಯ ಮೇಲೆ ಮಾಡಿಸಿದರೆ ಮಾತ್ರ ನಿಜ ಗೊತ್ತಾಗುವುದು. ಅಭ್ಯಾಸದ ಆ್ಯಪ್‌ಗಳ ಮೇಲೆ ನನಗೆ ಜಾಸ್ತಿ ಭರವಸೆ ಇದೆ. ಮೇಲೆ ಹೇಳಿದ 2007ರ ಅಧ್ಯಯನದಲ್ಲೇ ವಡೋದರಾದ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಕಂಪ್ಯೂಟರಿನಲ್ಲಿ ಗಣಿತದ ಆಟ ಕೊಟ್ಟಿದ್ದರು, ಒಂದು ಕಂಪ್ಯೂಟರಿಗೆ ಇಬ್ಬರು ಮಕ್ಕಳು. ಗಣಿತದ ಅಂಕ ಚೆನ್ನಾಗಿ ಏರಿತು. 2019ರಲ್ಲಿ ಪ್ರಕಟವಾದ ದೆಹಲಿಯ ಇನ್ನೊಂದು ಅಧ್ಯಯನದಲ್ಲಿ ಮಗುವಿನ ಮಟ್ಟಕ್ಕೆ ಹೊಂದಿಕೊಳ್ಳುವ 'ಮೈಂಡ್‌ಸ್ಪಾರ್ಕ್' ಸಾಫ್ಟ್‌ವೇರಿನಿಂದ ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡೂ ಸುಧಾರಿಸಿದವು. ಆದರೆ ಅಲ್ಲಿ ಮಕ್ಕಳು ಒಂದು ಕೇಂದ್ರಕ್ಕೆ ಬಂದು ಕೂರುತ್ತಿದ್ದರು. ಅರ್ಧ ಹೊತ್ತು ಸಾಫ್ಟ್‌ವೇರ್, ಅರ್ಧ ಹೊತ್ತು ಸಹಾಯಕರ ಜೊತೆ ಚಿಕ್ಕ ಗುಂಪಿನಲ್ಲಿ ಪಾಠ. ಹಾಸಿಗೆ ಮೇಲೆ ಮಲಗಿ ಅಮ್ಮನ ಮೊಬೈಲ್ ಹಿಡಿದ ಮಗುವಿಗೆ ಅದೇ ಫಲ ಬರುತ್ತದೆ ಅಂತ ಹೇಳಲಾಗದು. ನೀವು ಪಕ್ಕದಲ್ಲಿ ಕೂರುವ ಹಾಗಿದ್ದರೆ ಆ್ಯಪ್. ಇಲ್ಲದಿದ್ದರೆ ಅದರ ದುಡ್ಡು ಬೇರೆ ಕಡೆ ಹಾಕಿ.

ಕೊಳ್ಳುವ ಮೊದಲು ಬಿಟ್ಟಿ ಸಿಗುವುದನ್ನು ನೋಡಿ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯ ಪುಸ್ತಕಗಳು, ಎನ್‌ಸಿಇಆರ್‌ಟಿ ಪುಸ್ತಕಗಳು ಆಯಾ ಜಾಲತಾಣದಲ್ಲೇ ಪಿಡಿಎಫ್ ರೂಪದಲ್ಲಿ ಇವೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು 'ದೀಕ್ಷಾ' ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆಯುತ್ತದೆ. ವರ್ಷದ ಪ್ಯಾಕೇಜಿಗೆ ಸಾಲ ಮಾಡಿಸಿ ಕಂತು ಹಾಕಿಕೊಡುತ್ತೇವೆ ಅಂತ ಫೋನ್ ಬಂದರೆ ಮರು ಮಾತಾಡದೆ ಇಟ್ಟುಬಿಡಿ.

ಮರಾಠಿಯದ್ದು ಬೇರೆಯೇ ಕತೆ

ನಮ್ಮ ಮನೆಗಳ ವಿಶೇಷ ತೊಡಕು ಇದು. ಮನೆಯಲ್ಲಿ ಕನ್ನಡವೋ ತುಳುವೋ, ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಟದಲ್ಲಿ ಹಿಂದಿ. 2020ರ ಕಾಯ್ದೆಯಿಂದ ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಒಂದರಿಂದ ಹತ್ತರವರೆಗೆ ಮರಾಠಿ ಕಡ್ಡಾಯ. ಅಪ್ಪ–ಅಮ್ಮನಿಗೆ ಗಣಿತ ಹೇಗೋ ಹೇಳಿಕೊಡಲು ಬರುತ್ತದೆ, ಮರಾಠಿ ನಿಬಂಧ ಬಂದ ಕೂಡಲೇ ಕೈ ಮೇಲೆತ್ತುತ್ತಾರೆ.

ಕನ್ನಡದ ಮಕ್ಕಳು ಎಡವುವ ಜಾಗ ಒಂದೇ, ಲಿಂಗ. ನಮಗೆ ಪುಸ್ತಕ, ಡಬ್ಬಿ, ನೋಟ್‌ಬುಕ್ ಎಲ್ಲವೂ 'ಅದು'. ಮರಾಠಿಯಲ್ಲಿ 'ಮಾಝಾ ಡಬಾ', 'ಮಾಝೀ ವಹೀ', 'ಮಾಝೇ ಪುಸ್ತಕ'. ಮಗು 'ಮಾಝಾ ವಹೀ' ಅಂತ ಬರೆದರೆ ಸ್ಪೆಲ್ಲಿಂಗ್ ತಪ್ಪು ಅಂದುಕೊಳ್ಳಬೇಡಿ, ಕನ್ನಡದ ತಲೆ ಮಾಡಿದ ತಪ್ಪು ಅದು. ಇದನ್ನು ಗುರುತಿಸಿ ಹೇಳಿಕೊಡುವವರು ಬೇಕು. ಉಚ್ಚಾರದಲ್ಲಿ ಮಾತ್ರ ನಮ್ಮ ಮಕ್ಕಳದ್ದೇ ಮೇಲುಗೈ. 'ಳ' ಹೇಳಲು ನಮಗೆ ಯಾರೂ ಕಲಿಸಬೇಕಿಲ್ಲ.

ಇದಕ್ಕೆ ದೊಡ್ಡ ಕ್ಲಾಸ್ ಬೇಡ, ಆ್ಯಪ್ ಬೇಡ. ನಿಮ್ಮದೇ ಬಿಲ್ಡಿಂಗಿನ ಮರಾಠಿ ಮನೆಯ ಒಬ್ಬರು ಕಾಕು (ಚಿಕ್ಕಮ್ಮನಂಥವರು) ಅಥವಾ ಕಾಲೇಜಿಗೆ ಹೋಗುವ ಅಕ್ಕ ವಾರಕ್ಕೆ ಎರಡು ಗಂಟೆ ಮಗುವಿನ ಜೊತೆ ಮಾತಾಡಿ, ಕತೆ ಓದಿಸಿದರೆ ಸಾಕು. ಬದಲಿಗೆ ನೀವು ಅವರ ಮಗುವಿಗೆ ಗಣಿತವೋ ಇಂಗ್ಲಿಷೋ ಹೇಳಿಕೊಡಿ. ಈ ಕೊಡುಕೊಳ್ಳುವಿಕೆ ನಡೆದ ಮನೆಗಳಲ್ಲಿ ಮರಾಠಿ ಅಂಕ ಏರಿದ್ದನ್ನು ನಾನು ಕಂಡಿದ್ದೇನೆ. ಗಣಪತಿಗೆ ಮೋದಕವೂ ಬರುತ್ತದೆ.

ನಾವೇ ಹೇಳಿಕೊಡೋದು

ಖರ್ಚಿಲ್ಲ, ಆದರೆ ಎರಡು ಬೇಕು. ಸಮಯ ಮತ್ತು ತಾಳ್ಮೆ. ಹೋಟೆಲ್ ನಡೆಸುವವರು ಮನೆ ಸೇರುವುದು ರಾತ್ರಿ ಹನ್ನೊಂದಕ್ಕೆ. ನೌಕರಿಯವರು ಎಂಟೂವರೆಗೆ ಬಂದು ಬ್ಯಾಗ್ ಎಸೆದು ಕೂತರೆ ಮಗುವಿನ ತಪ್ಪು ಕಂಡ ಕೂಡಲೇ ಸಿಟ್ಟು ನೆತ್ತಿಗೇರುತ್ತದೆ. ಬೈದು ಕಲಿಸುವುದಾದರೆ ಟ್ಯೂಷನ್ನೇ ವಾಸಿ.

ಆದರೆ ವಿಷಯ ಗೊತ್ತಿಲ್ಲದಿದ್ದರೂ ಅಪ್ಪ–ಅಮ್ಮ ಮಾಡಬಹುದಾದ ಒಂದು ಕೆಲಸ ಇದೆ. "ಇವತ್ತು ಏನು ಕಲಿತೆ, ಪುಸ್ತಕ ನೋಡದೆ ನನಗೆ ಹೇಳಿಕೊಡು" ಅನ್ನಿ. ಕನ್ನಡದಲ್ಲೇ ಹೇಳಲಿ. ಬೆಳಕಿನ ವಕ್ರೀಭವನವನ್ನು ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ ಅದು ಪರೀಕ್ಷೆಯಲ್ಲೂ ಬರುತ್ತದೆ. ಹತ್ತು ನಿಮಿಷದ ಕೆಲಸ.

ಮನೆ ಚಿಕ್ಕದು, ಓದಲು ಜಾಗ ಇಲ್ಲ ಅನ್ನುವವರು ಹತ್ತಿರದಲ್ಲಿ 'ಅಭ್ಯಾಸಿಕಾ', ಅಂದರೆ ಮಕ್ಕಳು ಬಂದು ಕೂತು ಓದುವ ಕೋಣೆ, ಇದೆಯಾ ವಿಚಾರಿಸಿ. ಒಂದು ಮೇಜು, ಒಂದು ಬೆಳಕು ಸಿಕ್ಕರೆ ಸಾಕಾಗುವ ಮಕ್ಕಳಿದ್ದಾರೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹಿರಿಯರಿಗೆ ಅದೂ ಕಷ್ಟದಲ್ಲೇ ಸಿಕ್ಕಿತ್ತು.

ಹಾಗಾದರೆ ಯಾರಿಗೆ ಯಾವುದು

ಪ್ರೈಮರಿ ಮಗು, ಬಜೆಟ್ ಕಡಿಮೆ: ಬಿಲ್ಡಿಂಗಿನ ಮೇಡಂ. ಇಲ್ಲವೇ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಕೂರುವವರಿದ್ದರೆ ಟ್ಯೂಷನ್ನೇ ಬೇಡ.

ಹಿಂದೆ ಬಿದ್ದ ಮಗು, ಯಾವ ಕ್ಲಾಸಾದರೂ ಸರಿ: ಮೊದಲು ಮನೆಗೆ ಬರುವವರು ಅಥವಾ ಇಬ್ಬರು ಮೂವರ ಗುಂಪು, ಮೂರು ತಿಂಗಳಿಗೆ. ದುಡ್ಡು ಕಡಿಮೆ ಇದ್ದರೆ ವಾರಕ್ಕೆ ಒಂದೇ ಗಂಟೆ ಆದರೂ ಇಲ್ಲೇ ಹಾಕಿ. ಇಡೀ ವರ್ಷದ ಕ್ಲಾಸಿಗೆ ಕಟ್ಟಬೇಡಿ.

ಒಂಬತ್ತು–ಹತ್ತು, ಮಗು ನಡುವಿನಲ್ಲಿದೆ: ಗಣಿತ, ವಿಜ್ಞಾನಕ್ಕೆ ಮಾತ್ರ ಚಿಕ್ಕ ಬ್ಯಾಚಿನ ಕ್ಲಾಸ್, ಸಾಧ್ಯವಾದರೆ 15 ಮಕ್ಕಳಿಗಿಂತ ಕಡಿಮೆ. ಎಲ್ಲ ವಿಷಯದ ಪ್ಯಾಕೇಜ್ ಬೇಡ. ಇತಿಹಾಸವನ್ನು ಎಸಿ ರೂಮಿನಲ್ಲಿ ಕೂತು ಕೇಳಬೇಕಿಲ್ಲ.

ಮಗು ಚೆನ್ನಾಗಿಯೇ ಓದುತ್ತಿದೆ, ನಿಮಗೆ ಮಾತ್ರ ಭಯ: ಹತ್ತಕ್ಕೆ ಬರೀ ಟೆಸ್ಟ್ ಸೀರೀಸ್ ಹಾಕಿಸಿ, ಬಾಕಿ ದುಡ್ಡು ಉಳಿಸಿ. ಹನ್ನೊಂದು–ಹನ್ನೆರಡಕ್ಕೆ ಬೇಕಾಗುತ್ತದೆ. ಆಗ ದೊಡ್ಡ ಕ್ಲಾಸಿನ ಲೆಕ್ಕವೇ ಬೇರೆ. ಮಹಾರಾಷ್ಟ್ರದ ಇಂಜಿನಿಯರಿಂಗ್, ಫಾರ್ಮಸಿ ಪ್ರವೇಶ ಪರೀಕ್ಷೆ ಎಂಎಚ್‌ಟಿ–ಸಿಇಟಿಗೆ ಹೋಗುವವರು ಒಂದು ನೆನಪಿಡಿ. ಅದರಲ್ಲಿ ಶೇ. 20 ಹನ್ನೊಂದನೇ ಕ್ಲಾಸಿನ ಪಾಠ, ಶೇ. 80 ಹನ್ನೆರಡರದ್ದು. ಹನ್ನೊಂದನ್ನು ರಜೆ ವರ್ಷ ಮಾಡಿಕೊಂಡವರಿಗೆ ಯಾವ ಕ್ಲಾಸೂ ಪೂರ್ತಿ ಕೈ ಹಿಡಿಯುವುದಿಲ್ಲ.

ಯಾವುದನ್ನೇ ಆರಿಸಿ, ಮೊದಲ ತಿಂಗಳು ಪೂರ್ತಿ ವರ್ಷದ ಫೀಸು ಕಟ್ಟಬೇಡಿ. ಎರಡು ಡೆಮೊ ಕ್ಲಾಸ್ ಕೇಳಿ. ಡೆಮೊ ಹೇಳುವ ಸರ್ರೇ ವರ್ಷವಿಡೀ ಬರುತ್ತಾರಾ ಅಂತ ಖಚಿತ ಮಾಡಿಕೊಳ್ಳಿ. ಕಟ್ಟಿದ ದುಡ್ಡಿಗೆ ರಸೀದಿ ತೆಗೆದುಕೊಳ್ಳಿ, ಬಿಟ್ಟರೆ ಎಷ್ಟು ವಾಪಸ್ ಅನ್ನುವುದನ್ನು ಅದರ ಮೇಲೇ ಬರೆಸಿ. ಜೂನ್ ನಡುವಿನಲ್ಲಿ ಶಾಲೆ ಶುರುವಾದರೆ ಮೊದಲ ಯುನಿಟ್ ಟೆಸ್ಟ್ ಮುಗಿಯುವ ಹೊತ್ತಿಗೆ ನಿಮ್ಮ ಕೈಯಲ್ಲಿ ಶಾಲೆಯ ಪೇಪರೂ ಇರುತ್ತದೆ, ಟ್ಯೂಷನ್ನಿನ ನೋಟ್‌ಬುಕ್ಕೂ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪೇಪರಿನಲ್ಲಿ ಆದ ತಪ್ಪು ನೋಟ್‌ಬುಕ್ಕಿನಲ್ಲಿ ಮೊದಲೇ ಆಗಿತ್ತಾ, ಆಗಿದ್ದರೆ ಅಲ್ಲಿ ಏನು ಮಾಡಿದ್ದರು? ಗಣಪತಿ ಹಬ್ಬದ ರಜೆಯೊಳಗೆ ಮುಂದುವರಿಸೋದಾ ಬದಲಿಸೋದಾ ಅಂತ ತೀರ್ಮಾನ ಮಾಡಿ. ಅದರ ನಂತರ ಬದಲಿಸಿದರೆ ಹೊಸಬರಿಗೆ ಮಗುವನ್ನು ಅರಿಯಲು ಸಮಯವೇ ಉಳಿಯುವುದಿಲ್ಲ.